ಕ್ರೀಡಾಕೂಟದ ದಿನಗಳಲ್ಲಿ ಸರಕು ಸಾಗಣೆ: ಯೋಜನೆ, ವೆಚ್ಚ ಮತ್ತು ದಾಖಲೆಗಳು

ಪೀಠಿಕೆ

2023ರ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ವಿಶ್ವಕಪ್ ಕ್ರಿಕೆಟ್ ಪಂದ್ಯಾವಳಿಯು ನಮ್ಮ ದೇಶದಲ್ಲಿ ನಡೆದಾಗ ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐದು ಪಂದ್ಯಗಳು ಏರ್ಪಟ್ಟಿದ್ದವು. ನಾನು ಲೆಕ್ಕಪರಿಶೋಧನೆ ನಡೆಸುವ, ತುಮಕೂರು ರಸ್ತೆಯ ಒಂದು ಸಣ್ಣ ಘಟಕಕ್ಕೆ ಆ ಸಂದರ್ಭದಲ್ಲಿ ಆಹಾರ ಪೊಟ್ಟಣಗಳ ಪೂರೈಕೆಯ ಆದೇಶ ದೊರೆಯಿತು. ಪೊಟ್ಟಣಗಳ ಮೇಲೆ ಪಂದ್ಯದ ದಿನಾಂಕವನ್ನು ಮುದ್ರಿಸಬೇಕಾಗಿತ್ತು. ಖರೀದಿದಾರರ ಉಗ್ರಾಣವು ಕ್ರೀಡಾಂಗಣದ ಸಮೀಪದಲ್ಲಿತ್ತು. ಮಾಲೀಕರು ಸರಕನ್ನು ಪಂದ್ಯದ ದಿನ ಬೆಳಿಗ್ಗೆ ಲಾರಿಗೆ ತುಂಬಿಸಿದರು. ಮಧ್ಯಾಹ್ನ ನಗರದ ಒಳಭಾಗದಲ್ಲಿ ತಡೆಯಲ್ಪಟ್ಟ ಲಾರಿ ಉಗ್ರಾಣದ ಬಾಗಿಲನ್ನು ತಲುಪಿದ್ದು ರಾತ್ರಿ ಹನ್ನೆರಡರ ನಂತರ. ಆ ವೇಳೆಗೆ ಪಂದ್ಯವೂ ಮುಗಿದಿತ್ತು, ಪೊಟ್ಟಣಗಳ ಉಪಯೋಗವೂ ಮುಗಿದಿತ್ತು. ಖರೀದಿದಾರರು ಸರಕನ್ನು ಸ್ವೀಕರಿಸಲಿಲ್ಲ. ದಿನಾಂಕ ಮುದ್ರಿತವಾದ ಪೊಟ್ಟಣಗಳನ್ನು ಮತ್ತಾರೂ ಕೊಳ್ಳಲಿಲ್ಲ. ಘಟಕದ ಸುಮಾರು ಮೂರು ತಿಂಗಳ ಲಾಭ ಒಂದೇ ದಿನದಲ್ಲಿ ಕರಗಿಹೋಯಿತು.

ಆ ಖರೀದಿ ಆದೇಶದ ಪ್ರತಿಯನ್ನು ಮುಂಚಿತವಾಗಿ ನಾನೂ ನೋಡಿದ್ದೆ. ತೆರಿಗೆಯ ದರ ಸರಿಯಿದೆಯೇ ಎಂದಷ್ಟೇ ಪರೀಕ್ಷಿಸಿ ಹಿಂದಿರುಗಿಸಿದ್ದೆ. ಸರಕು ತಲುಪಬೇಕಾದ ಸ್ಥಳ ಮತ್ತು ದಿನಾಂಕಗಳನ್ನು ಒಟ್ಟಿಗೆ ಓದಿದ್ದರೆ ಅಪಾಯವು ಕಣ್ಣಿಗೆ ಬೀಳುತ್ತಿತ್ತು. ಈ ಲೋಪದ ಅರಿವಿನಿಂದಲೇ ಪ್ರಸ್ತುತ ವಿಷಯವನ್ನು ಸದಸ್ಯರ ಮುಂದಿಡಲಾಗಿದೆ.

ನಿರ್ಬಂಧಗಳು ಹೇಗೆ ಬರುತ್ತವೆ?

ಮೋಟಾರು ವಾಹನಗಳ ಕಾಯ್ದೆ, 1988ರ 115ನೆಯ ಕಲಮಿನ ಪ್ರಕಾರ ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲದ ದೃಷ್ಟಿಯಿಂದ ನಿರ್ದಿಷ್ಟ ಪ್ರದೇಶದಲ್ಲಿ ಅಥವಾ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಷೇಧಿಸುವ ಇಲ್ಲವೆ ನಿರ್ಬಂಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ನೀಡಿದ ಪ್ರಾಧಿಕಾರಕ್ಕೂ ಇದೆ. ಇಲ್ಲಿ ವರ್ತಕರು ಗಮನಿಸಬೇಕಾದ ಒಂದು ಅಂಶವಿದೆ. ನಿರ್ಬಂಧದ ಅವಧಿ ಒಂದು ತಿಂಗಳನ್ನು ಮೀರದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುವ ಅಗತ್ಯವಿಲ್ಲ. ಸಂದರ್ಭಕ್ಕೆ ತಕ್ಕ ಸ್ಥಳೀಯ ಪ್ರಚಾರ ಸಾಕು. ಕ್ರೀಡಾಕೂಟದ ನಿರ್ಬಂಧಗಳು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತವೆ. ಆದುದರಿಂದ ದಿನಪತ್ರಿಕೆಗಳ ಸ್ಥಳೀಯ ಪುಟ ಹಾಗೂ ಸಂಚಾರ ಪೊಲೀಸರ ಪ್ರಕಟಣೆಗಳನ್ನು ಪ್ರತಿದಿನ ನೋಡುವ ಹೊಣೆಯನ್ನು ಸಂಸ್ಥೆಯ ಒಬ್ಬ ನೌಕರನಿಗೆ ವಹಿಸಬೇಕು. 'ನಮಗೆ ತಿಳಿದಿರಲಿಲ್ಲ' ಎಂಬ ಸಮಜಾಯಿಷಿ ನಡೆಯುವುದಿಲ್ಲ.

ನಿರ್ಬಂಧಗಳಲ್ಲಿಯೂ ಭೇದಗಳಿವೆ. ರಸ್ತೆಯನ್ನು ಪೂರ್ಣವಾಗಿ ಮುಚ್ಚುವುದು, ಭಾರಿ ವಾಹನಗಳಿಗೆ ಮಾತ್ರ ಪ್ರವೇಶ ನಿರಾಕರಿಸುವುದು, ಸಂಚಾರವನ್ನು ಏಕಮುಖಗೊಳಿಸುವುದು, ವಾಹನ ನಿಲುಗಡೆಯನ್ನು ನಿಷೇಧಿಸುವುದು ಎಂದು ಅವುಗಳನ್ನು ವಿಂಗಡಿಸಬಹುದು. ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯಗಳ ದಿನ ಕಬ್ಬನ್ ರಸ್ತೆ, ಕ್ವೀನ್ಸ್ ರಸ್ತೆ, ಮಹಾತ್ಮ ಗಾಂಧಿ ರಸ್ತೆ ಮೊದಲಾದ ಕಡೆ ಹೆಚ್ಚಾಗಿ ಕಾಣುವುದು ಕೊನೆಯ ಬಗೆಯ ನಿರ್ಬಂಧ. ಕಾರಿನಲ್ಲಿ ಹೋಗುವವರಿಗೆ ಇದು ಕೇವಲ ಅನನುಕೂಲ. ಸರಕು ಸಾಗಿಸುವವರಿಗೆ ಇದು ಬಹುಮಟ್ಟಿಗೆ ಪ್ರವೇಶ ನಿಷೇಧಕ್ಕೆ ಸಮಾನ. ರಸ್ತೆ ತೆರೆದಿದ್ದರೂ ಲಾರಿ ನಿಲ್ಲುವಂತಿಲ್ಲವಾದರೆ ಸರಕನ್ನು ಇಳಿಸುವುದೆಲ್ಲಿ?

ವೇಳೆಯ ವಿಷಯದಲ್ಲಿಯೂ ಊಹೆ ಕೂಡದು. 2023ರ ಐದು ಪಂದ್ಯಗಳಲ್ಲಿ ನಾಲ್ಕು ಮಧ್ಯಾಹ್ನ 2 ಗಂಟೆಗೆ ಆರಂಭವಾದವು. ನವೆಂಬರ್ 4ರ ಶನಿವಾರದ ನ್ಯೂಜಿಲೆಂಡ್-ಪಾಕಿಸ್ತಾನ ಪಂದ್ಯ ಮಾತ್ರ ಬೆಳಿಗ್ಗೆ 10.30ಕ್ಕೆ ಆರಂಭವಾಯಿತು. ನವೆಂಬರ್ 12ರ ಭಾರತ-ನೆದರ್‌ಲೆಂಡ್ಸ್ ಪಂದ್ಯವು ದೀಪಾವಳಿಯ ದಿನವೇ ಬಂದಿತು. ಹಬ್ಬದ ವ್ಯಾಪಾರದ ದಟ್ಟಣೆ ಮತ್ತು ಪಂದ್ಯದ ದಟ್ಟಣೆ ಕೂಡಿಬಂದಾಗ ವಾಹನ, ಚಾಲಕ, ಹಮಾಲರು ಮೂರೂ ದುರ್ಲಭ. ಪಂದ್ಯಗಳ ಪಟ್ಟಿಯನ್ನು ಪಂಚಾಂಗದೊಡನೆ ಹೋಲಿಸಿ ನೋಡುವ ಅಭ್ಯಾಸ ಒಳ್ಳೆಯದು.

ಪಟ್ಟಿಯಲ್ಲಿಲ್ಲದ ಜನಸಂದಣಿಯೂ ಉಂಟು. 2025ರ ಜೂನ್ 3ರಂದು ಐಪಿಎಲ್ ಅಂತಿಮ ಪಂದ್ಯ ಅಹಮದಾಬಾದಿನಲ್ಲಿ ನಡೆಯಿತು. ಮರುದಿನ ಬೆಂಗಳೂರಿನಲ್ಲಿ ವಿಜಯೋತ್ಸವಕ್ಕೆ ಸೇರಿದ ಜನಸ್ತೋಮದ ನೂಕುನುಗ್ಗಲಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಪ್ರಾಣ ಕಳೆದುಕೊಂಡರು. ಇಂತಹ ದಿನಗಳಲ್ಲಿ ಸರಕು ವಾಹನಗಳನ್ನು ಆ ಪ್ರದೇಶದಿಂದ ದೂರವಿಡುವುದು ಮೊದಲಿಗೆ ಮನುಷ್ಯ ಜೀವದ ಪ್ರಶ್ನೆ. ಲಾಭನಷ್ಟದ ಪ್ರಶ್ನೆ ಅನಂತರದ್ದು.

ಲಂಡನ್ ನಗರದ ಅನುಭವ

ಈ ವಿಷಯದಲ್ಲಿ ವ್ಯವಸ್ಥಿತ ಸಿದ್ಧತೆಯ ಮಾದರಿಯಾಗಿ 2012ರ ಲಂಡನ್ ಒಲಿಂಪಿಕ್ಸ್ ಅಧ್ಯಯನಯೋಗ್ಯವಾಗಿದೆ. ಕ್ರೀಡಾಕೂಟವು ಜುಲೈ 27ರಿಂದ ಆಗಸ್ಟ್ 12ರವರೆಗೆ, ಪ್ಯಾರಾಲಿಂಪಿಕ್ಸ್ ಆಗಸ್ಟ್ 29ರಿಂದ ಸೆಪ್ಟೆಂಬರ್ 9ರವರೆಗೆ ನಡೆದವು. ಕ್ರೀಡಾಪಟುಗಳು ಹಾಗೂ ಅಧಿಕಾರಿಗಳ ಸಂಚಾರಕ್ಕಾಗಿ 109 ಮೈಲಿ, ಅಂದರೆ ಸುಮಾರು 175 ಕಿ.ಮೀ. ಉದ್ದದ 'ಒಲಿಂಪಿಕ್ ಮಾರ್ಗಜಾಲ'ವನ್ನು ಗುರುತಿಸಲಾಗಿತ್ತು. ಇದರಲ್ಲಿ ಸುಮಾರು 30 ಮೈಲಿಗಳಷ್ಟು ಪಥವನ್ನು ಕ್ರೀಡಾಕೂಟದ ವಾಹನಗಳಿಗೆ ಮೀಸಲಿಡಲಾಗಿತ್ತು. ಮೀಸಲು ಪಥಗಳು ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಮಧ್ಯರಾತ್ರಿಯವರೆಗೆ ಜಾರಿಯಲ್ಲಿದ್ದವು. ಅನಧಿಕೃತವಾಗಿ ಪ್ರವೇಶಿಸಿದ ವಾಹನಕ್ಕೆ 130 ಪೌಂಡ್ ದಂಡ ನಿಗದಿಯಾಗಿತ್ತು. ಉದ್ಘಾಟನೆಗೆ ಎರಡು ದಿನ ಮೊದಲೇ, ಜುಲೈ 25ರಿಂದ ವ್ಯವಸ್ಥೆ ಜಾರಿಗೆ ಬಂದಿತು.

ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಹಗಲಿನಲ್ಲಿ ಬೀದಿಬದಿಯಲ್ಲಿ ಸರಕು ಇಳಿಸುವುದು ಕಷ್ಟವಾದರೆ, ರಾತ್ರಿ ವೇಳೆ 18 ಟನ್ನಿಗಿಂತ ಹೆಚ್ಚು ತೂಕದ ಲಾರಿಗಳ ಸಂಚಾರವನ್ನು ನಿಯಂತ್ರಿಸುವ ಹಳೆಯ ಯೋಜನೆಯೂ ಅಲ್ಲಿತ್ತು. ನಿವಾಸಿಗಳ ನಿದ್ರೆಗೆ ಭಂಗ ಬಾರದಿರಲೆಂಬುದು ಅದರ ಉದ್ದೇಶ. ಹೀಗಾಗಿ ನಗರದ ಸಾರಿಗೆ ಸಂಸ್ಥೆಯು ಸಾಗಣೆದಾರರ ಸಂಘಗಳೊಡನೆ ಮುಂಚಿತವಾಗಿಯೇ ಸಮಾಲೋಚನೆ ನಡೆಸಿ, ಸದ್ದಿಲ್ಲದ ಸರಕು ಪೂರೈಕೆಗೆ ನಡವಳಿಕೆಯ ಸಂಹಿತೆಯನ್ನು ರೂಪಿಸಿತು. ನಿಂತ ಲಾರಿಯ ಎಂಜಿನ್ ಆರಿಸುವುದು, ರೇಡಿಯೊ ನಿಲ್ಲಿಸುವುದು, ಬಾಗಿಲುಗಳನ್ನು ಮೆಲ್ಲನೆ ಮುಚ್ಚುವುದು ಇಂತಹ ಸರಳ ಸೂಚನೆಗಳು ಅದರಲ್ಲಿದ್ದವು. ವ್ಯಾಪಾರಸ್ಥರಿಗೆ ನಾಲ್ಕು ಉಪಾಯಗಳನ್ನು ಸೂಚಿಸಲಾಯಿತು: ಸಾಗಣೆಗಳ ಸಂಖ್ಯೆಯನ್ನು ತಗ್ಗಿಸುವುದು, ವೇಳೆಯನ್ನು ಬದಲಿಸುವುದು, ಮಾರ್ಗವನ್ನು ಬದಲಿಸುವುದು, ಸಾಗಣೆಯ ವಿಧಾನವನ್ನೇ ಬದಲಿಸುವುದು.

ಈ ಅನುಭವದ ಇನ್ನೊಂದು ಮುಖವನ್ನೂ ಮರೆಯಬಾರದು. ದಟ್ಟಣೆಯ ಎಚ್ಚರಿಕೆಗಳಿಂದ ಬೆದರಿದ ಅನೇಕ ಗ್ರಾಹಕರು ಕೇಂದ್ರ ಲಂಡನ್ನಿನ ಕಡೆಗೆ ಸುಳಿಯಲೇ ಇಲ್ಲ. ಕೂಟದ ಆರಂಭದ ದಿನಗಳಲ್ಲಿ ಅಲ್ಲಿನ ಅಂಗಡಿಕಾರರು ವ್ಯಾಪಾರವಿಲ್ಲವೆಂದು ದೂರಿದರು. ಸರಕು ತಲುಪದಿರುವುದು ಹೇಗೆ ನಷ್ಟವೋ, ಮಾರಾಟವಾಗದ ಸರಕನ್ನು ಮುಂಚಿತವಾಗಿ ತುಂಬಿಕೊಳ್ಳುವುದೂ ಹಾಗೆಯೇ ನಷ್ಟ.

ನಾಲ್ಕು ಉಪಾಯಗಳು ನಮ್ಮಲ್ಲಿ

1. ಸಂಖ್ಯೆ ತಗ್ಗಿಸುವುದು: ವಾರಕ್ಕೆ ಮೂರು ಬಾರಿ ಹೋಗುವ ಸರಕನ್ನು ಒಂದೇ ಬಾರಿಗೆ ಕಳುಹಿಸಬಹುದು. ಆದರೆ ಒಟ್ಟುಗೂಡಿಸುವ ನೆಪದಲ್ಲಿ ಅಧಿಕ ಭಾರ ಹೇರಬಾರದು. ಮೋಟಾರು ವಾಹನಗಳ ಕಾಯ್ದೆಯ 194ನೆಯ ಕಲಮಿನಲ್ಲಿ ಅಧಿಕ ಭಾರಕ್ಕೆ ರೂ. 20,000 ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ದಂಡವನ್ನು ವಿಧಿಸಲಾಗಿದೆ.

2. ವೇಳೆ ಬದಲಿಸುವುದು: ಹಿಂದಿನ ರಾತ್ರಿ ಅಥವಾ ಬೆಳಗಿನ ಜಾವದ ಪೂರೈಕೆ ಉತ್ತಮ. ಇದಕ್ಕೆ ಖರೀದಿದಾರರ ಉಗ್ರಾಣದಲ್ಲಿ ಸರಕನ್ನು ಎಣಿಸಿ ಸಹಿ ಹಾಕುವ ಅಧಿಕಾರವುಳ್ಳವರು ಇರಬೇಕು. ಕಾವಲುಗಾರನ ಸಹಿ ಮುಂದೆ ವಿವಾದಕ್ಕೆ ಎಡೆಮಾಡುತ್ತದೆ. ಹಗಲು ದುಡಿದ ಚಾಲಕನನ್ನೇ ರಾತ್ರಿಯೂ ಕಳುಹಿಸಬಾರದು.

3. ಮಾರ್ಗ ಬದಲಿಸುವುದು: ಪರ್ಯಾಯ ಮಾರ್ಗವನ್ನು ಮೊದಲೇ ಒಮ್ಮೆ ಪರೀಕ್ಷಿಸಬೇಕು. ಸಾಮಾನ್ಯ ದಿನಗಳಲ್ಲಿಯೇ ಬೆಂಗಳೂರಿನ ಒಳಭಾಗಕ್ಕೆ ಭಾರಿ ಸರಕು ವಾಹನಗಳಿಗೆ ನಿರ್ದಿಷ್ಟ ಗಂಟೆಗಳಲ್ಲಿ ಪ್ರವೇಶವಿಲ್ಲ. ಪಂದ್ಯದ ದಿನದ ನಿರ್ಬಂಧ ಅದರ ಜೊತೆಗೆ ಸೇರುತ್ತದೆ.

4. ವಿಧಾನ ಬದಲಿಸುವುದು: ನಗರದ ಹೊರವಲಯದವರೆಗೆ ಲಾರಿ, ಅಲ್ಲಿಂದ ಸಣ್ಣ ಟೆಂಪೋ, ಅಗತ್ಯವಿದ್ದರೆ ಉಗ್ರಾಣದ ಕೊನೆಯ ನೂರು ಗಜ ಕೈಗಾಡಿ. ಪ್ರತಿ ಬಾರಿ ಇಳಿಸಿ ಏರಿಸುವಾಗ ಹಮಾಲಿ ವೆಚ್ಚವೂ ಒಡೆದುಹೋಗುವ ಸಂಭವವೂ ಹೆಚ್ಚುತ್ತವೆ.

ವೆಚ್ಚದ ತುಲನೆ

ಮೇಲಿನವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಲೆಕ್ಕದ ವಿಷಯ. ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಸರಕಿನ ಮೌಲ್ಯ ರೂ. 3,00,000, ಶೇ. 18ರ ದರದಲ್ಲಿ ತೆರಿಗೆ ರೂ. 54,000, ಲಾರಿ ಬಾಡಿಗೆ ರೂ. 8,000.

ಮೊದಲನೆಯ ಮಾರ್ಗ, ಪಂದ್ಯದ ದಿನವೇ ಎಂದಿನಂತೆ ಕಳುಹಿಸುವುದು. ಅಡ್ಡಿಯಿಲ್ಲದಿದ್ದರೆ ವೆಚ್ಚ ರೂ. 8,000 ಮಾತ್ರ. ಅಡ್ಡಿಯಾದರೆ ಹಾಲ್ಟಿಂಗ್ ಶುಲ್ಕ ರೂ. 2,500, ಹಮಾಲರಿಗೆ ಎರಡನೆಯ ಬಾರಿಯ ಕೂಲಿ ರೂ. 1,500, ವಿಳಂಬಕ್ಕಾಗಿ ಖರೀದಿದಾರರ ಕಡಿತ ಶೇ. 2ರಂತೆ ರೂ. 6,000, ಒಟ್ಟು ರೂ. 10,000 ಹೆಚ್ಚುವರಿ.

ಎರಡನೆಯ ಮಾರ್ಗ, ಹಿಂದಿನ ರಾತ್ರಿ ಕಳುಹಿಸುವುದು. ಚಾಲಕನ ರಾತ್ರಿ ಭತ್ಯೆ ರೂ. 1,500, ಹಮಾಲರ ಹೆಚ್ಚುವರಿ ಕೂಲಿ ರೂ. 1,500, ಉಗ್ರಾಣ ತೆರೆದಿಡುವ ಖರ್ಚು ರೂ. 500, ಒಟ್ಟು ರೂ. 3,500 ಹೆಚ್ಚುವರಿ. ಇದು ಖಚಿತ ವೆಚ್ಚ.

ಮೂರನೆಯ ಮಾರ್ಗ, ಮೂರು ದಿನ ಮೊದಲೇ ಸಮೀಪದ ಬಾಡಿಗೆ ಗೋದಾಮಿಗೆ ಸಾಗಿಸುವುದು. ಗೋದಾಮಿನ ಬಾಡಿಗೆ ರೂ. 2,000, ಟೆಂಪೋ ಬಾಡಿಗೆ ರೂ. 3,000, ಹಮಾಲಿ ರೂ. 1,500, ತೆರಿಗೆ ಸೇರಿದ ರೂ. 3,54,000 ಮೊತ್ತಕ್ಕೆ ಶೇ. 12ರಂತೆ ಮೂರು ದಿನಗಳ ಬಡ್ಡಿ ಸುಮಾರು ರೂ. 350, ಒಟ್ಟು ರೂ. 6,850 ಹೆಚ್ಚುವರಿ.

ಈಗ ಮೊದಲೆರಡನ್ನು ಹೋಲಿಸೋಣ. ರೂ. 10,000ದ ಅನಿಶ್ಚಿತ ನಷ್ಟವನ್ನು ತಪ್ಪಿಸಲು ರೂ. 3,500 ಖರ್ಚು ಮಾಡುವುದು ಲಾಭದಾಯಕವಾಗಬೇಕಾದರೆ ಅಡ್ಡಿಯ ಸಂಭವ ಶೇ. 35ಕ್ಕಿಂತ ಹೆಚ್ಚಿರಬೇಕು. ಗೋದಾಮಿನ ಮಾರ್ಗಕ್ಕೆ ಶೇ. 68.5ಕ್ಕಿಂತ ಹೆಚ್ಚಿರಬೇಕು. ಇಷ್ಟರಮಟ್ಟಿಗೆ ಮಾಲೀಕರ ಧೈರ್ಯಕ್ಕೆ ಅವಕಾಶವುಂಟು. ಆದರೆ ತಡವಾದ ಸರಕು ತಿರಸ್ಕೃತವಾಗುವಂತಿದ್ದು, ಅದರಿಂದ ಒಟ್ಟು ರೂ. 1,00,000 ನಷ್ಟವಾಗುವುದಾದರೆ ಲೆಕ್ಕವೇ ಬದಲಾಗುತ್ತದೆ. ಅಡ್ಡಿಯ ಸಂಭವ ಶೇ. 3.5ನ್ನು ಮೀರಿದರೆ ಸಾಕು, ರಾತ್ರಿ ಪೂರೈಕೆಯೇ ಮೇಲು; ಶೇ. 6.85ನ್ನು ಮೀರಿದರೆ ಗೋದಾಮು ಕೂಡ ಎಂದಿನ ಕ್ರಮಕ್ಕಿಂತ ಮೇಲು. ಪೀಠಿಕೆಯಲ್ಲಿ ಹೇಳಿದ ಘಟಕದ ಮಾಲೀಕರು ಉಳಿಸಿದ್ದು ಕೆಲವು ಸಾವಿರ ರೂಪಾಯಿಗಳನ್ನು. ಒತ್ತೆಯಿಟ್ಟದ್ದು ಇಡೀ ಸರಕನ್ನು. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಈ ಸರಕು ಒಂದು ದಿನ ತಡವಾದರೆ ಬೆಲೆ ಉಳಿಸಿಕೊಳ್ಳುತ್ತದೆಯೇ?

ಇ-ವೇ ಬಿಲ್: ಮಧ್ಯರಾತ್ರಿಯ ಎಚ್ಚರಿಕೆ

ರೂ. 50,000 ಮೀರಿದ ಸರಕಿಗೆ ಇ-ವೇ ಬಿಲ್ ಬೇಕೆಂಬುದು ಸದಸ್ಯರಿಗೆ ತಿಳಿದದ್ದೇ. ಅದರ ಸಿಂಧುತ್ವವು ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನ. ಮೊದಲ ದಿನವು ವಾಹನದ ವಿವರವನ್ನು 'ಬಿ' ಭಾಗದಲ್ಲಿ ನಮೂದಿಸಿದ ದಿನದ ಮರುದಿನ ಮಧ್ಯರಾತ್ರಿಗೆ ಮುಗಿಯುತ್ತದೆ.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಶುಕ್ರವಾರ ಸಂಜೆ 6ಕ್ಕೆ ವಾಹನದ ಸಂಖ್ಯೆ ನಮೂದಿಸಿದರೆ ಬಿಲ್ಲು ಶನಿವಾರ ಮಧ್ಯರಾತ್ರಿಯವರೆಗೆ ಮಾತ್ರ ಸಿಂಧು. ಶನಿವಾರ ಪಂದ್ಯ ಮುಗಿದು ರಾತ್ರಿ 11.30ಕ್ಕೆ ದಾರಿ ತೆರೆದು, 12.30ಕ್ಕೆ ಲಾರಿಯನ್ನು ತಪಾಸಣೆ ಮಾಡಿದರೆ ಬಿಲ್ಲಿನ ಆಯುಸ್ಸು ಮುಗಿದಿರುತ್ತದೆ. ಅದೇ ಲಾರಿ ಶುಕ್ರವಾರ ರಾತ್ರಿ 12 ಕಳೆದ ಮೇಲೆ ಹೊರಟು, ಹೊರಡುವಾಗಲೇ ವಾಹನದ ವಿವರ ನಮೂದಿಸಿದ್ದರೆ ಭಾನುವಾರ ಮಧ್ಯರಾತ್ರಿಯವರೆಗೆ ಸಿಂಧುವಾಗಿರುತ್ತಿತ್ತು. ವಾಹನದ ವಿವರವನ್ನು ಹೊರಡುವ ಹೊತ್ತಿಗೇ ನಮೂದಿಸಬೇಕೆಂಬ ನಿಯಮದ ಮಹತ್ವ ಇಲ್ಲಿದೆ.

ಅವಧಿಯನ್ನು ವಿಸ್ತರಿಸಿಕೊಳ್ಳಲು ಮುಕ್ತಾಯಕ್ಕೆ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಅವಕಾಶವಿದೆ. ಮೇಲಿನ ಉದಾಹರಣೆಯಲ್ಲಿ ಶನಿವಾರ ಸಂಜೆ 4ರಿಂದ ಭಾನುವಾರ ಬೆಳಿಗ್ಗೆ 8ರವರೆಗೆ. ಸಾಗಣೆದಾರರಿಗೆ ಬಿಲ್ಲನ್ನು ವಹಿಸಿದ್ದರೆ ವಿಸ್ತರಿಸುವವರು ಅವರೇ. ಆದುದರಿಂದ ಅವರ ಕಚೇರಿಯಲ್ಲಿ ಆ ರಾತ್ರಿ ಯಾರು ಲಭ್ಯರಿರುತ್ತಾರೆಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಅವಧಿ ಮೀರಿದ ಬಿಲ್ಲಿನೊಡನೆ ಸಿಕ್ಕಿಬಿದ್ದರೆ, ಸರಕಿನ ಮಾಲೀಕರು ಮುಂದೆ ಬಂದಲ್ಲಿ ತೆರಿಗೆಯ ಶೇ. 200ರಷ್ಟು ದಂಡ ವಿಧಿಸಲು 129ನೆಯ ಕಲಮಿನಲ್ಲಿ ಅವಕಾಶವಿದೆ. ನಮ್ಮ ಉದಾಹರಣೆಯಲ್ಲಿ ಅದು ರೂ. 1,08,000. ಸತ್ಯಂ ಶಿವಂ ಪೇಪರ್ಸ್ ಪ್ರಕರಣದಲ್ಲಿ, 2020ರ ಜನವರಿಯಲ್ಲಿ ಪ್ರತಿಭಟನೆಯಿಂದ ಸಂಚಾರ ತಡೆಯಾಗಿ ಬಿಲ್ಲಿನ ಅವಧಿ ಮೀರಿದ್ದಕ್ಕೆ ವಸೂಲಿ ಮಾಡಿದ್ದ ರೂ. 69,000ವನ್ನು ಹಿಂದಿರುಗಿಸುವಂತೆ ತೆಲಂಗಾಣ ಉಚ್ಚ ನ್ಯಾಯಾಲಯ ಆದೇಶಿಸಿತು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅವಧಿ ಮೀರಿತೆಂಬ ಮಾತ್ರಕ್ಕೆ ತೆರಿಗೆ ತಪ್ಪಿಸುವ ಉದ್ದೇಶವನ್ನು ಊಹಿಸಲಾಗದೆಂಬುದು ಇದರ ತಿರುಳು. ನ್ಯಾಯ ದೊರೆತದ್ದು ನಿಜ. ಅದಕ್ಕೆ ಎರಡು ವರ್ಷ ಹಿಡಿಯಿತೆಂಬುದೂ ನಿಜ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಎಂಟು ಗಂಟೆಗಳ ಅವಕಾಶವನ್ನು ಬಳಸಿಕೊಳ್ಳುವುದು ಸುಲಭ.

ಗೋದಾಮು, ಬೀಜಕ ಮತ್ತು ತೆರಿಗೆಯ ತಿಂಗಳು

ತಾತ್ಕಾಲಿಕ ಗೋದಾಮನ್ನು ಬಾಡಿಗೆಗೆ ಪಡೆದರೆ ಅದನ್ನು ಜಿಎಸ್‌ಟಿ ನೋಂದಣಿಯಲ್ಲಿ 'ಹೆಚ್ಚುವರಿ ವ್ಯವಹಾರ ಸ್ಥಳ'ವಾಗಿ ಸೇರಿಸಿಕೊಳ್ಳಬೇಕು. ರಾಜ್ಯದೊಳಗೆ ಅದೇ ನೋಂದಣಿಯ ಸ್ಥಳಕ್ಕೆ ಸರಕನ್ನು ಸಾಗಿಸುವಾಗ ಡೆಲಿವರಿ ಚಲನ್ ಸಾಕು, ಮೌಲ್ಯ ರೂ. 50,000 ಮೀರಿದ್ದರೆ ಇ-ವೇ ಬಿಲ್ ಬೇಕೇ ಬೇಕು. ಅಲ್ಲಿಂದ ಖರೀದಿದಾರರಿಗೆ ಹೊರಡುವಾಗ ತೆರಿಗೆ ಬೀಜಕವನ್ನು ಕೊಡಬೇಕು.

ಖರೀದಿದಾರರಿಗೇ ನೇರವಾಗಿ ಮುಂಚಿತವಾಗಿ ಕಳುಹಿಸಿದರೆ ಬೀಜಕದ ದಿನಾಂಕವೂ ಹಿಂದಕ್ಕೆ ಸರಿಯುತ್ತದೆ. ಜುಲೈ 2ರಂದು ಹೊರಡಬೇಕಾದ ಸರಕು ಜೂನ್ 29ರಂದು ಹೊರಟರೆ, ಪ್ರತಿ ತಿಂಗಳು ವಿವರಪಟ್ಟಿ ಸಲ್ಲಿಸುವವರು ಅದರ ತೆರಿಗೆಯನ್ನು ಆಗಸ್ಟ್ 20ರ ಬದಲು ಜುಲೈ 20ರೊಳಗೆ ಕಟ್ಟಬೇಕು. ಮೂರು ದಿನದ ಅವಸರಕ್ಕೆ ತೆರಿಗೆಯ ಹಣ ಒಂದು ತಿಂಗಳು ಮುಂಚಿತವಾಗಿ ಹೋಗುತ್ತದೆ. ಖರೀದಿದಾರರಿಗಾದರೋ ಸರಕು ಕೈಸೇರಿದ ಮೇಲೆಯೇ ಹೂಡುವಳಿ ತೆರಿಗೆಯ ಜಮೆಗೆ ಅರ್ಹತೆ.

ಇದಕ್ಕೆ ಪ್ರತಿಯಾಗಿ ಒಂದು ಅನುಕೂಲವೂ ಇದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ, 2006ರ 15ನೆಯ ಕಲಮಿನಂತೆ ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರಿಗೆ ಸರಕು ಸ್ವೀಕಾರವಾದ ದಿನದಿಂದ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಯಾಗಬೇಕು. ಬೇಗ ತಲುಪಿದ ಸರಕಿನ ದಿನಗಣನೆ ಬೇಗ ಆರಂಭವಾಗುತ್ತದೆ. ಹಾಗಾಗಿ ಸ್ವೀಕೃತಿ ಪತ್ರದಲ್ಲಿ ದಿನಾಂಕ, ವೇಳೆ ಹಾಗೂ ಹೊಣೆಯುಳ್ಳವರ ಸಹಿ ಇರಲೇಬೇಕು.

ಕರಾರು ಮತ್ತು ವಿಮೆ

ಕರಾರುಗಳ ಕಾಯ್ದೆ, 1872ರ 55ನೆಯ ಕಲಮಿನ ಪ್ರಕಾರ ಕಾಲವೇ ಕರಾರಿನ ಸಾರವಾಗಿರುವಲ್ಲಿ ತಡವಾದರೆ ಖರೀದಿದಾರರು ಕರಾರನ್ನು ರದ್ದುಪಡಿಸಬಹುದು. ಮುಂಚಿತವಾಗಿ ಪ್ರಕಟವಾದ ಸಂಚಾರ ನಿರ್ಬಂಧವನ್ನು ದೈವಾಧೀನ ಘಟನೆಯೆಂದು ವಾದಿಸುವುದು ಕಷ್ಟ. ಆದುದರಿಂದ ಆದೇಶ ಒಪ್ಪಿಕೊಳ್ಳುವಾಗಲೇ ಈ ಅರ್ಥದ ಒಂದು ವಾಕ್ಯವನ್ನು ಸೇರಿಸಿಕೊಳ್ಳುವುದು ಕ್ಷೇಮ: 'ಆದೇಶದ ದಿನಾಂಕದ ನಂತರ ಪ್ರಕಟವಾಗುವ ಸಂಚಾರ ನಿರ್ಬಂಧದಿಂದ ಉಂಟಾಗುವ ವಿಳಂಬಕ್ಕೆ ಕಡಿತವಿಲ್ಲ, ಪೂರೈಕೆದಾರರು ಕೋರಿದಲ್ಲಿ ಖರೀದಿದಾರರು ಸರಕನ್ನು ಮೂರು ದಿನ ಮುಂಚಿತವಾಗಿ ಸ್ವೀಕರಿಸತಕ್ಕದ್ದು.'

ನಷ್ಟವನ್ನು ಸಾಗಣೆದಾರರಿಂದ ವಸೂಲು ಮಾಡುವ ಆಸೆಯೂ ಹೆಚ್ಚು ಫಲ ಕೊಡದು. ರಸ್ತೆ ಸಾಗಣೆ ಕಾಯ್ದೆ, 2007ರಂತೆ, ಹೆಚ್ಚಿನ ಮೌಲ್ಯವನ್ನು ಘೋಷಿಸದಿದ್ದರೆ, ನಷ್ಟ ಅಥವಾ ಹಾನಿಗೆ ಅವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ನಮ್ಮ ಉದಾಹರಣೆಯಲ್ಲಿ ರೂ. 80,000. ವಿಮಾ ಪಾಲಿಸಿಗಳು ಸಾಮಾನ್ಯವಾಗಿ ವಿಳಂಬದಿಂದಾದ ನಷ್ಟವನ್ನು ಭರಿಸುವುದಿಲ್ಲ. ಹೊರವಲಯದಲ್ಲಿ ಲಾರಿ ನಿಂತಿರುವಾಗ, ಮಧ್ಯಂತರ ಗೋದಾಮಿನಲ್ಲಿ ಸರಕು ಇರುವಾಗ ರಕ್ಷಣೆ ಮುಂದುವರಿಯುತ್ತದೆಯೇ ಎಂಬುದನ್ನು ವಿಮಾ ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಬೇಕು.

ಕಾಲಾನುಕ್ರಮದ ಸಿದ್ಧತೆ

ಆರು ವಾರ ಮೊದಲು: ಪಂದ್ಯಗಳ ಪಟ್ಟಿ, ಹಬ್ಬಗಳು ಮತ್ತು ಬಾಕಿ ಆದೇಶಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ತಡವಾದರೆ ಬೆಲೆ ಕಳೆದುಕೊಳ್ಳುವ ಸರಕನ್ನು ಕೆಂಪು ಶಾಯಿಯಲ್ಲಿ ಗುರುತಿಸಿ.

ನಾಲ್ಕು ವಾರ ಮೊದಲು: ಖರೀದಿದಾರರೊಡನೆ ಪೂರೈಕೆಯ ವೇಳೆಯನ್ನು ಪತ್ರಮುಖೇನ ನಿಗದಿಪಡಿಸಿ. ಗೋದಾಮು ಬೇಕಿದ್ದರೆ ನೋಂದಣಿಗೆ ಸೇರಿಸಲು ಅರ್ಜಿ ಸಲ್ಲಿಸಿ.

ಎರಡು ವಾರ ಮೊದಲು: ವಾಹನ, ಚಾಲಕ, ಹಮಾಲರನ್ನು ಕಾಯ್ದಿರಿಸಿ. ಹಾಲ್ಟಿಂಗ್ ಶುಲ್ಕದ ದರವನ್ನು ಮೊದಲೇ ಒಪ್ಪಿಕೊಳ್ಳಿ.

ಒಂದು ವಾರ ಮೊದಲಿನಿಂದ: ಸಂಚಾರ ಪ್ರಕಟಣೆಗಳನ್ನು ದಿನವೂ ನೋಡಿ, ಅವುಗಳ ಪ್ರತಿಯನ್ನು ಕಡತದಲ್ಲಿಡಿ. ವಿವಾದ ಬಂದಾಗ ಇವೇ ಸಾಕ್ಷ್ಯ.

ಅದೇ ದಿನ: ಇ-ವೇ ಬಿಲ್ಲಿನ ಮುಕ್ತಾಯದ ವೇಳೆಯನ್ನು ಚಾಲಕನ ಕೈಗೆ ಬರೆದುಕೊಡಿ. ಲಾರಿ ತಡೆಯಲ್ಪಟ್ಟರೆ ಸ್ಥಳ, ವೇಳೆ, ಕಾರಣಗಳನ್ನು ದಾಖಲಿಸಿ.

ಮುಗಿದ ನಂತರ: ಹೆಚ್ಚುವರಿ ವೆಚ್ಚವನ್ನು ಪ್ರತ್ಯೇಕ ಖಾತೆಯಲ್ಲಿ ತೋರಿಸಿ. ಮುಂದಿನ ಆದೇಶಕ್ಕೆ ದರ ನಿಗದಿಪಡಿಸುವಾಗ ಆ ಅಂಕಿಗಳೇ ಆಧಾರ.

ಉಪಸಂಹಾರ

2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ದೊರೆತಿರುವುದು 2025ರ ನವೆಂಬರ್‌ನಲ್ಲಿ ನಿರ್ಧಾರವಾಗಿದೆ. ಗುಜರಾತಿನೊಡನೆ ವ್ಯವಹಾರವುಳ್ಳ ನಮ್ಮ ಸದಸ್ಯರಿಗೆ ಸಿದ್ಧತೆಗೆ ಬೇಕಾದಷ್ಟು ಕಾಲಾವಕಾಶವಿದೆ. ಅಷ್ಟು ದೂರ ಏಕೆ, ಮುಂದಿನ ಪಂದ್ಯ, ಮುಂದಿನ ಓಟದ ಸ್ಪರ್ಧೆ, ಮುಂದಿನ ದಸರಾ ಮೆರವಣಿಗೆಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಪೊಟ್ಟಣದ ಘಟಕದ ಮಾಲೀಕರು ವ್ಯವಹಾರವನ್ನು ಕೈಬಿಡಲಿಲ್ಲ. ಈಗ ಅವರ ಕಚೇರಿಯ ಗೋಡೆಯಲ್ಲಿ ಪಂಚಾಂಗದ ಪಕ್ಕದಲ್ಲಿ ಪಂದ್ಯಗಳ ಪಟ್ಟಿಯೂ ತೂಗುತ್ತದೆ. ನನ್ನ ಮೇಜಿಗೆ ಬರುವ ಖರೀದಿ ಆದೇಶಗಳಲ್ಲಿ ತೆರಿಗೆಯ ದರಕ್ಕಿಂತ ಮೊದಲು ನಾನು ನೋಡುವುದು, ಸರಕು ಎಲ್ಲಿಗೆ, ಎಂದು, ಎಷ್ಟು ಗಂಟೆಗೆ ತಲುಪಬೇಕೆಂಬುದನ್ನು. ಸದಸ್ಯರು ತಮ್ಮ ಲೆಕ್ಕಪರಿಶೋಧಕರಿಂದಲೂ ಇದನ್ನು ನಿರೀಕ್ಷಿಸುವುದು ಉಚಿತ.